ಗುಪ್ತ ಸಂಘವೂ ಗುಗ್ಗು ಸಂಘವೂ

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ನನ್ನ ತಂಗಿಯ ಮಗಳು ಚಿನ್ನು ಒಂದು ಸೂಟ್‌ಕೇಸು ಬಟ್ಟೆ, ಒಂದು ಚೀಲ ಪುಸ್ತಕ ತಂದಿದ್ದಳು. ಸೂಟ್‌ಕೇಸು ತೆರೆಯಲೇ ಇಲ್ಲ. ಹದಿನೈದು ದಿನವನ್ನೂ ಎರಡು ನೈಟ್ ಪ್ಯಾಂಟಿನಲ್ಲಿ ಮುಗಿಸಿದಳು. ಚೀಲ ಮಾತ್ರ ಬಂದ ದಿನವೇ ಬಾಯಿ ಬಿಟ್ಟು ದಿವಾನದ ತುಂಬ ಹರಡಿಕೊಂಡಿತು. ಎಲ್ಲ ಪುಸ್ತಕಕ್ಕೂ ಕರಿ ರಕ್ಷಾಪುಟ, ಚಿನ್ನದ ಅಕ್ಷರ, ನಡುವೆ ಒಂದು ಬೀಗದ ಕೈಯೋ ತಲೆಬುರುಡೆಯೋ ಇಸ್ಪೀಟಿನ ಎಲೆಯೋ. ಹುಡುಗಿ ಮಾಟಮಂತ್ರ ಕಲಿಯುತ್ತಿದ್ದಾಳೆ ಅಂತ ನನಗೆ ಎದೆ ಧಸಕ್ಕೆಂದಿತು.

"ಮಾಟ ಅಲ್ಲ ದೊಡ್ಡಮ್ಮ, ದುಡ್ಡಿರೋರ ಶಾಲೆಯ ಸೀಕ್ರೆಟ್ ಸೊಸೈಟಿ ಕಥೆ" ಅಂದಳು.

ನನಗೆ ಗೊತ್ತಿದ್ದ ಸೊಸೈಟಿ ಎರಡೇ. ಒಂದು, ಸೀಮೆಎಣ್ಣೆ ಕೊಡುತ್ತಿದ್ದ ಸೊಸೈಟಿ. ಇನ್ನೊಂದು, ಸೈಟು ಕೊಡುತ್ತೇವೆಂದು ಕಂತು ಕಟ್ಟಿಸಿಕೊಂಡ ಸೊಸೈಟಿ. ಎರಡನೆಯದು ಒಂದು ಲೆಕ್ಕದಲ್ಲಿ ಗುಪ್ತ ಸಂಘವೇ. ನಮ್ಮ ಸೈಟು ಎಲ್ಲಿದೆ ಎನ್ನುವುದು ಇವತ್ತಿಗೂ ಅದರ ಪದಾಧಿಕಾರಿಗಳನ್ನು ಬಿಟ್ಟರೆ ಯಾರಿಗೂ ತಿಳಿಯದು.

ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಇನ್ನೊಬ್ಬರ ಹಣ ಎಣಿಸಿದವಳು ನಾನು. ಇನ್ನೊಬ್ಬರ ಹಣದ ಕಥೆ ಓದಿದರೆ ತಪ್ಪೇನು ಅಂತ ಕನ್ನಡಕ ಏರಿಸಿ ಕೂತೆ. ಚಿನ್ನು ಮಲಗಿದ ಮೇಲೆ ಓದುತ್ತಿದ್ದೆ. ಅವಳ ಎದುರು ಓದಿದರೆ "ಎಲ್ಲಿಗೆ ಬಂತು, ಎಲ್ಲಿಗೆ ಬಂತು" ಎಂದು ಪ್ರಾಣ ತಿನ್ನುತ್ತಾಳೆ.

ನಾಲ್ಕು ಪುಸ್ತಕ ಮುಗಿಯುವಷ್ಟರಲ್ಲಿ ಈ ಅಡುಗೆಯ ಅಳತೆ ಕೈಗೆ ಸಿಕ್ಕಿತು. ಅಮೆರಿಕದ ಪೂರ್ವ ದಿಕ್ಕಿನಲ್ಲೊಂದು ಬೋರ್ಡಿಂಗ್ ಶಾಲೆ. ಕೆಂಪು ಇಟ್ಟಿಗೆಯ ಹಳೇ ಕಟ್ಟಡ, ಮೇಲೆ ಹಬ್ಬಿದ ಬಳ್ಳಿ, ಮುಂದೆ ಹುಲ್ಲುಹಾಸು. ಅಂಥ ಶಾಲೆಗಳ ಫೀಸು ಈಗ ವರ್ಷಕ್ಕೆ 60,000 ಡಾಲರು ದಾಟುತ್ತದೆ. ರೂಪಾಯಿಗೆ ತಿರುಗಿಸಿ ನೋಡಿದೆ. ಅಷ್ಟರಲ್ಲಿ ನಮ್ಮ ಕಡೆ ಒಂದು ಮದುವೆ ಮಾಡಿ, ಬಾಣಂತನವನ್ನೂ ಮುಗಿಸಬಹುದು. ಆ ಶಾಲೆಗೆ ಸ್ಕಾಲರ್‌ಶಿಪ್ ಮೇಲೆ ಒಬ್ಬ ಬಡ ಹುಡುಗಿ ಬರುತ್ತಾಳೆ. ಅವಳ ಬಡತನವೂ ಅಲ್ಲಿಯ ಬಡತನ. ಅಪ್ಪನಿಗೆ ಒಂದೇ ಕಾರು. ಒಂದು ರಾತ್ರಿ ಕೋಣೆಯ ಬಾಗಿಲ ಸಂದಿಯಲ್ಲಿ ಅರಗಿನ ಮೊಹರು ಒತ್ತಿದ ಲಕೋಟೆ. ನಡುರಾತ್ರಿ ಬಾ, ಒಬ್ಬಳೇ ಬಾ. ಹೋದರೆ ಮೇಣದ ಬತ್ತಿ, ಮುಖ ಮುಚ್ಚುವ ನಿಲುವಂಗಿ, ಪ್ರಮಾಣವಚನ. ಇಷ್ಟೆಲ್ಲ ಆದ ಮೇಲೆ ಏನು ಮಾಡುತ್ತಾರೆ? ಬಿಯರ್ ಕುಡಿಯುತ್ತಾರೆ. ಅದನ್ನು ನಮ್ಮ ಬೀದಿಯ ಹುಡುಗರು ನಿಲುವಂಗಿಯಿಲ್ಲದೆಯೇ ಮೋರಿಕಟ್ಟೆಯ ಮೇಲೆ ಕೂತು ಮಾಡುತ್ತಾರೆ.

ಲಕೋಟೆಯ ವಿಷಯದಲ್ಲಿ ನನಗೊಂದು ತಾಂತ್ರಿಕ ಅನುಮಾನ. ಅರಗಿನ ಮೊಹರು ನಾನೂ ಬ್ಯಾಂಕಿನಲ್ಲಿ ಬೇಕಾದಷ್ಟು ಒತ್ತಿದ್ದೇನೆ. ಅರಗು ಕರಗಿಸುವ ವಾಸನೆ ಮೂರು ಕೋಣೆ ದಾಟುತ್ತದೆ, ಬೆರಳು ಸುಟ್ಟರೆ ಬೊಬ್ಬೆ ನಾಲ್ಕು ಕೋಣೆ ದಾಟುತ್ತದೆ. ಹಾಸ್ಟೆಲಿನಲ್ಲಿ ಇದನ್ನು ಗುಟ್ಟಾಗಿ ಮಾಡುವುದು ಹೇಗೆ? ಚಿನ್ನುವನ್ನು ಕೇಳಿದೆ. "ದೊಡ್ಡಮ್ಮ, ಅದು ಏಸ್ತೆಟಿಕ್" ಅಂದಳು. ಉತ್ತರ ಗೊತ್ತಿಲ್ಲದಾಗ ಈಗಿನ ಮಕ್ಕಳು ಹೇಳುವ ಮಾತು ಅದು.

ಎಲ್ಲ ಪುಸ್ತಕವೂ ಹೀಗೇ ಅಂತ ಮೂಗು ಮುರಿಯುವ ಹೊತ್ತಿಗೆ ಫ್ರ್ಯಾಂಕಿ ಸಿಕ್ಕಿದಳು. ಇ. ಲಾಕ್‌ಹಾರ್ಟ್ ಎಂಬ ಲೇಖಕಿ 2008ರಲ್ಲಿ ಬರೆದ 'ದಿ ಡಿಸ್‌ರೆಪ್ಯುಟಬಲ್ ಹಿಸ್ಟರಿ ಆಫ್ ಫ್ರ್ಯಾಂಕಿ ಲ್ಯಾಂಡೌ-ಬ್ಯಾಂಕ್ಸ್' ಕಾದಂಬರಿಯ ನಾಯಕಿ. ಶಾಲೆಯ ಹೆಸರು ಅಲಬಾಸ್ಟರ್. ಅಲ್ಲಿ ಗಂಡುಹುಡುಗರಿಗೆ ಮಾತ್ರ ಒಂದು ಗುಪ್ತ ಸಂಘ, ಅದಕ್ಕೆ ಬ್ಯಾಸೆಟ್ ಹೌಂಡ್ ಎಂಬ ಜೋಲುಕಿವಿಯ ನಾಯಿಯ ಹೆಸರು. ಫ್ರ್ಯಾಂಕಿಯ ಅಪ್ಪನೂ ಒಂದು ಕಾಲದಲ್ಲಿ ಆ ನಾಯಿಗಳಲ್ಲೊಬ್ಬ. ಹಳೇ ಗೆಳೆಯರು ಸೇರಿದರೆ ಸಾಕು, ಅರ್ಧ ಹೇಳಿ ಅರ್ಧ ನುಂಗಿ, ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಮಗಳು ಎದುರಿಗೇ ಕೂತಿದ್ದಾಳೆ. ಕೇಳಿದರೆ ಹೇಳುವುದಿಲ್ಲ, ಹೇಳುವುದಿಲ್ಲ ಅಂದಮೇಲೆ ಸುಮ್ಮನಾದರೂ ಇರುತ್ತಾರೋ, ಅದೂ ಇಲ್ಲ.

ಇಲ್ಲಿ ನಾನು ಪುಸ್ತಕ ಮಡಿಸಿ ಎದೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಫ್ಯಾನು ನೋಡಿದೆ. ಈ ಗುಟ್ಟು ಮುಚ್ಚಿಡುವುದಕ್ಕಲ್ಲ, ತೋರಿಸುವುದಕ್ಕೆ. ಒಡವೆಯನ್ನು ಲಾಕರಿನಲ್ಲಿಟ್ಟು ಲಾಕರಿನ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಓಡಾಡುವ ಹೆಂಗಸರನ್ನು ನಾನು ಕಂಡಿಲ್ಲವೆ? ಒಳಗೇನಿದೆ ಅಂತ ನಮಗೆ ಗೊತ್ತಾಗಬಾರದು, ಏನೋ ಇದೆ ಅಂತ ಗೊತ್ತಾಗಲೇಬೇಕು. ಈ ಹುಡುಗರಿಗೆ ಕಾರಿದೆ, ದೋಣಿಯಿದೆ, ಬೇಸಿಗೆಗೊಂದು ಮನೆ ಚಳಿಗೊಂದು ಮನೆಯಿದೆ. ಎಲ್ಲ ಇರುವವರು ನೂರಾರು ಜನ ಒಂದೇ ಊಟದ ಕೋಣೆಯಲ್ಲಿ ಕೂತರೆ ಇವನು ಹೆಚ್ಚು ಅವನು ಕಡಿಮೆ ಅಂತ ಹೇಗೆ ತೀರ್ಮಾನಿಸುವುದು? ಅದಕ್ಕೇ ಒಂದು ಬಾಗಿಲು ಮಾಡಿ, ಹೊರಗೆ ನಿಲ್ಲುವುದಕ್ಕೆ ನಾಲ್ಕು ಜನರನ್ನು ಹೊಂದಿಸಿಕೊಳ್ಳುತ್ತಾರೆ. ಹೊರಗೆ ನಿಂತವರಿಲ್ಲದಿದ್ದರೆ ಒಳಗಿದ್ದೂ ಏನು ಸುಖ?

ಫ್ರ್ಯಾಂಕಿ ಹೊರಗೆ ನಿಲ್ಲುವ ಪೈಕಿ ಅಲ್ಲ. ಅವಳ ಗೆಳೆಯ ಮ್ಯಾಥ್ಯೂ ಆ ಸಂಘದ ಮುಖಂಡರಲ್ಲೊಬ್ಬ, ಆದರೆ ಅವಳ ಹತ್ತಿರ ತುಟಿಪಿಟಕ್ ಅನ್ನುವುದಿಲ್ಲ. ಇನ್ನೊಬ್ಬ ಮುಖಂಡನಿಗೆ ಎಲ್ಲರೂ ಆಲ್ಫಾ ಅನ್ನುತ್ತಾರೆ. ಇವಳು ಅವರ ಹಿಂದೆ ಬಿದ್ದು ಗುಟ್ಟು ಕಂಡುಹಿಡಿದು, ಆಲ್ಫಾನ ಹೆಸರಿನಲ್ಲಿ ಒಂದು ಇ-ಮೇಲ್ ಖಾತೆ ತೆರೆದು, ಅಲ್ಲಿಂದ ಅಷ್ಟೂ ಹುಡುಗರಿಗೆ ಅಪ್ಪಣೆ ಕೊಡಲು ಶುರುಮಾಡುತ್ತಾಳೆ. ಶಾಲೆಯ ಗೋಡೆಯ ಮೇಲೆ ಸಾಲಾಗಿ ತೂಗಿದ ದೊಡ್ಡ ಮನುಷ್ಯರ ಪಟಗಳಿಗೆ, ಅವೆಲ್ಲ ಗಂಡಸರವೇ, ರಾತ್ರೋರಾತ್ರಿ ಹೆಂಗಸರ ಒಳಉಡುಪು ತೊಡಿಸಿಬಿಡಿ ಅಂತ ಅಪ್ಪಣೆ. ಹುಡುಗರು ಗಂಭೀರವಾಗಿ ತೊಡಿಸುತ್ತಾರೆ.

ಚಂದ ಇರುವುದು ಮುಂದೆ. ಅಪ್ಪಣೆ ಕೊಡುತ್ತಿರುವವನು ತಾನಲ್ಲ ಅಂತ ಆಲ್ಫಾನಿಗೆ ಗೊತ್ತು. ಆದರೆ ಚೇಷ್ಟೆ ಊರೆಲ್ಲ ಮೆಚ್ಚುಗೆ ಪಡೆಯುತ್ತಿದೆ. ನಾನಲ್ಲ ಅಂದರೆ ಯಜಮಾನಿಕೆ ಹೋಯಿತು. ಹಾಗಾಗಿ ಹೌದೆನ್ನದೆ ಅಲ್ಲವೆನ್ನದೆ ಹೊಗಳಿಕೆಯನ್ನೆಲ್ಲ ಜೇಬಿಗೆ ಹಾಕಿಕೊಳ್ಳುತ್ತಾನೆ. ನನಗೆ ನಮ್ಮ ಶಾಖೆಯ ಹಳೆಯ ಮ್ಯಾನೇಜರೊಬ್ಬರು ಕಣ್ಣಮುಂದೆ ಬಂದರು. ವರದಿ ನಾವು ಬರೆಯುತ್ತಿದ್ದೆವು, ಸಹಿ ಅವರದು. "ಚೆನ್ನಾಗಿ ಬರೆದಿದ್ದೀರಿ" ಅಂತ ವಲಯ ಕಚೇರಿಯಿಂದ ಫೋನು ಬಂದರೆ ಆಲ್ಫಾನ ಹಾಗೆಯೇ ಮೌನವಾಗಿ ಮೀಸೆ ನೀವಿಕೊಳ್ಳುತ್ತಿದ್ದರು.

ಫ್ರ್ಯಾಂಕಿಗೆ ಇನ್ನೊಂದು ಚಟ. ಹಾಸ್ಯಲೇಖಕ ವುಡ್‌ಹೌಸ್‌ನನ್ನು ಓದಿ ಕಲಿತದ್ದು. 'ಡಿಸ್‌ಗ್ರಂಟಲ್ಡ್' ಅಂದರೆ ಮುಖ ಗಂಟಿಕ್ಕಿದವನು. ಹಾಗಾದರೆ ಮುಂದಿನ 'ಡಿಸ್' ಕಿತ್ತುಹಾಕಿದರೆ ಖುಷಿಯಾಗಿರುವವನು ತಾನೇ ಅಂತ ಅವಳ ತರ್ಕ. ಹೀಗೆ ತಲೆ ಕತ್ತರಿಸಿದ ಪದಗಳನ್ನೇ ಇಟ್ಟುಕೊಂಡು ಮಾತಾಡುತ್ತಾಳೆ. ನಾನೂ ಚಿನ್ನುವೂ ಒಂದು ಸಂಜೆ ಅವರೆಕಾಳು ಹಿದುಕುತ್ತಾ ಕನ್ನಡದಲ್ಲಿ ಪ್ರಯತ್ನಿಸಿದೆವು. ಬೇಜಾರಿನ ತಲೆ ತೆಗೆದರೆ ಜಾರು. ಅಸಡ್ಡೆಯ ತಲೆ ತೆಗೆದರೆ ಸಡ್ಡೆ. ಮಾರನೆಯ ದಿನ ಅವಳಮ್ಮ ಫೋನು ಮಾಡಿ ಹೇಗಿದ್ದೀಯೆ ಅಂದದ್ದಕ್ಕೆ "ತುಂಬಾ ಜಾರಾಗಿದೆ ಅಮ್ಮ, ದೊಡ್ಡಮ್ಮ ಭಾರಿ ಸಡ್ಡೆಯಿಂದ ನೋಡ್ಕೋತಿದಾರೆ" ಅಂದಳಂತೆ. ತಂಗಿ ಗಾಬರಿಯಾಗಿ ನನ್ನ ಫೋನಿಗೆ ಮಾಡಿ, ಮಗು ಬಚ್ಚಲಲ್ಲಿ ಜಾರಿಬಿತ್ತಾ ಅಂತ ಕೇಳಿದಳು.

ಇನ್ನುಳಿದವನ್ನು ಬೇಗ ಹೇಳಿಬಿಡುತ್ತೇನೆ. ಕೇಟ್ ಬ್ರಯಾನ್ ಎಂಬ ಹೆಸರಿನಲ್ಲಿ ಕೀರನ್ ಸ್ಕಾಟ್ ಬರೆದ 'ಪ್ರೈವೇಟ್' ಎಂಬ ಮಾಲೆ 2006ರಲ್ಲಿ ಶುರುವಾಯಿತು. ಅದರಲ್ಲಿ ರೀಡ್ ಎಂಬ ಹುಡುಗಿ ಬಿಲ್ಲಿಂಗ್ಸ್ ಎಂಬ ಹಾಸ್ಟೆಲಿನ ರಾಣಿಯರ ಗುಂಪಿಗೆ ಸೇರಲು ಹಾತೊರೆದು, ಸೇರಿದ ಮೇಲೆ ಅವರ ಹಾಸಿಗೆ ಸರಿಮಾಡುತ್ತಾಳೆ, ಕೋಣೆ ಗುಡಿಸುತ್ತಾಳೆ. ಇದನ್ನು ದೀಕ್ಷೆ ಅಂತ ಅವರು ಕರೆಯಬಹುದು. ನಾನು ಮದುವೆಯಾಗಿ ಬಂದ ವರ್ಷ ಇದನ್ನೇ ಮಾಡಿದೆ, ಯಾರೂ ಅದರ ಮೇಲೆ ಕಾದಂಬರಿ ಬರೆಯಲಿಲ್ಲ. ಟಾಮ್ ಡಾಲ್ಬಿಯ 'ಸೀಕ್ರೆಟ್ ಸೊಸೈಟಿ' 2009ರದು, ನ್ಯೂಯಾರ್ಕಿನ ಸಿರಿವಂತ ಹುಡುಗ ಹುಡುಗಿಯರದು. ಸಂಘ ಸೇರಿದವರಿಗೆ ಕತ್ತಿನ ಹಿಂದೆ ಈಜಿಪ್ಟಿನ ಆಂಖ್ ಗುರುತಿನ ಹಚ್ಚೆ. ಗುಟ್ಟಿನ ಸಂಘಕ್ಕೆ ಕತ್ತಿನ ಮೇಲೆ ಬೋರ್ಡು! ಬರೆದವನು ಯಾರ ಮಗ ಅಂದುಕೊಂಡಿರಿ? ಸಿನಿಮಾ ಮಂದಿರದಲ್ಲಿ ಕಿವಿ ಗುಂಯ್‌ಗುಟ್ಟುವಂತೆ ಕೇಳುತ್ತದಲ್ಲ ಡಾಲ್ಬಿ, ಅದನ್ನು ಕಂಡುಹಿಡಿದ ರೇ ಡಾಲ್ಬಿಯ ಮಗ.

'ಡೆಡ್ ಪೊಯೆಟ್ಸ್ ಸೊಸೈಟಿ' ಸಿನಿಮಾ 1989ರದು, ಪುಸ್ತಕವಾಗಿಯೂ ಬಂತು. ಅದರಲ್ಲಿ ಹುಡುಗರು ರಾತ್ರಿ ಹಾಸ್ಟೆಲಿನಿಂದ ತಪ್ಪಿಸಿಕೊಂಡು ಕಾಡಿನ ಗುಹೆಗೆ ಹೋಗಿ ಮಾಡುವ ಘೋರ ಕೃತ್ಯವೆಂದರೆ ಪದ್ಯ ಓದುವುದು. ಚಿನ್ನುವಿಗೆ ಕಣ್ಣೀರು ಬಂತು. ನನಗೆ ಬಂದದ್ದು ಅಸೂಯೆ. ನಮ್ಮಲ್ಲಿ ಕರಪತ್ರ ಹಂಚಿ, ಮೈಕು ಕಟ್ಟಿ, ಉಪ್ಪಿಟ್ಟು ಕೇಸರಿಬಾತು ಇದೆ ಅಂತ ತಿಳಿಸಿದರೂ ಕವಿಗೋಷ್ಠಿಗೆ ಬರುವವರು ಕವಿಗಳು ಮಾತ್ರ. ಬರಕೂಡದು ಅಂತ ಒಂದು ಸಲ ಬೋರ್ಡು ಹಾಕಿ ನೋಡಬೇಕು.

ಇವಕ್ಕೆಲ್ಲ ಅಜ್ಜ ಅನ್ನಬಹುದಾದದ್ದು ರಾಬರ್ಟ್ ಕಾರ್ಮಿಯರ್‌ನ 'ದಿ ಚಾಕೊಲೇಟ್ ವಾರ್', 1974ರದು. ಅಲ್ಲಿ ಅಷ್ಟೇನೂ ಸಿರಿವಂತಿಕೆಯಿಲ್ಲ, ಪಾದ್ರಿಗಳ ಶಾಲೆ. ಶಾಲೆಯ ಖರ್ಚಿಗೆ ಹುಡುಗರು ತಲೆಗೆ 50ರಂತೆ 20,000 ಡಬ್ಬಿ ಚಾಕೊಲೇಟು ಮಾರಬೇಕು. ವಿಜಿಲ್ಸ್ ಎಂಬ ಗುಪ್ತ ಸಂಘ ಇದಕ್ಕೆ ಬೆನ್ನು ಕೊಡುತ್ತದೆ. ಜೆರ್ರಿ ಎಂಬ ಹುಡುಗ ಮಾರುವುದಿಲ್ಲ ಅನ್ನುತ್ತಾನೆ. ಅಷ್ಟೇ ಕಥೆ, ಆದರೆ ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾರ್ಮಿಯರ್‌ನ ಸ್ವಂತ ಮಗನೇ ಶಾಲೆಯ ಚಾಕೊಲೇಟು ಮಾರಲು ಒಲ್ಲೆ ಅಂದಿದ್ದನಂತೆ, ಅಲ್ಲಿಂದ ಹುಟ್ಟಿದ ಕಥೆ. ನಮ್ಮ ಮಕ್ಕಳಿಗೆ ಧ್ವಜದ ಚೀಟಿ, ಲಾಟರಿ ಚೀಟಿ ಕೊಟ್ಟು ಕಳಿಸಿದಾಗ ಇಂಥ ಸಂಘರ್ಷವೇ ಹುಟ್ಟಲಿಲ್ಲ. ಅಪ್ಪಂದಿರು ಆಫೀಸಿನಲ್ಲಿ ಕೈಕೆಳಗಿನವರಿಗೆ ಹಂಚಿ ಮುಗಿಸುತ್ತಿದ್ದರು. ಅದು ಯಾವ ಸಂಘದ ಕೆಲಸವೋ!

ವಿಜಿಲ್ಸ್ ಸಂಘದಲ್ಲಿ ಒಂದು ಪದ್ಧತಿ ಮಾತ್ರ ನನಗೆ ಬಹಳ ಹಿಡಿಸಿತು. ಹುಡುಗರಿಗೆ ದುಷ್ಟ ಕೆಲಸಗಳನ್ನು ಹಚ್ಚುವವನು ಆರ್ಚಿ. ಪ್ರತಿ ಸಲ ಕೆಲಸ ಹಚ್ಚಿದ ಮೇಲೆ ಅವನು ಒಂದು ಕರಿ ಪೆಟ್ಟಿಗೆಗೆ ಕೈ ಹಾಕಬೇಕು. ಒಳಗೆ ಆರು ಗೋಲಿ. ಐದು ಬಿಳಿ, ಒಂದು ಕರಿ. ಕರಿಗೋಲಿ ಬಂದರೆ ಆ ಕೆಲಸ ಅವನೇ ಮಾಡಬೇಕು. ಇಂಥ ಒಂದು ಪೆಟ್ಟಿಗೆಯನ್ನು ನಮ್ಮ ಸುತ್ತೋಲೆ ಹೊರಡಿಸುವವರ ಮೇಜಿನ ಮೇಲೆ ಇಟ್ಟಿದ್ದರೆ ನಾನು ಇನ್ನೈದು ವರ್ಷ ನೌಕರಿ ಮಾಡುತ್ತಿದ್ದೆ.

"ಇದೆಲ್ಲ ಬರೀ ಕಥೆ, ನಿಜವಾಗಿ ಎಲ್ಲಿರುತ್ತೆ" ಅಂದೆ ಚಿನ್ನುವಿಗೆ. ಅವಳು ಫೋನು ತೆಗೆದು ಅರ್ಧ ಗಂಟೆ ಪಾಠ ಮಾಡಿದಳು. ಯೇಲ್ ವಿಶ್ವವಿದ್ಯಾಲಯದಲ್ಲಿ 1832ರಿಂದ 'ಸ್ಕಲ್ ಅಂಡ್ ಬೋನ್ಸ್' ಎಂಬ ಸಂಘವಿದೆ. ವರ್ಷಕ್ಕೆ ಹದಿನೈದೇ ಜನ. ಅವರು ಸೇರುವ ಕಟ್ಟಡಕ್ಕೆ ಕಿಟಕಿಯೇ ಇಲ್ಲವೆನ್ನಬೇಕು, ಹೆಸರು 'ಟೂಂಬ್', ಅಂದರೆ ಗೋರಿ. 2004ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಎದುರುಬದುರು ನಿಂತ ಬುಷ್, ಕೆರಿ ಇಬ್ಬರೂ ಇದೇ ಗೋರಿಯ ಗಿರಾಕಿಗಳು. ಟೀವಿಯಲ್ಲಿ ಕೇಳಿದರೆ ಇಬ್ಬರೂ ಅದು ಗುಟ್ಟು, ಹೇಳುವಂತಿಲ್ಲ ಅಂತ ನಕ್ಕರು. ಫ್ರ್ಯಾಂಕಿಯ ಅಪ್ಪನ ನಗುವೂ ಅದೇ ಇರಬೇಕು. ಕೋಟ್ಯಂತರ ಜನ ವೋಟು ಹಾಕಿದರು, ಯಾರು ಗೆದ್ದರೂ ಗೋರಿಗೇ ಲಾಭ.

ಯೇಲ್ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಆ ಹೆಸರು ಬಂದದ್ದು ಎಲಿಹು ಯೇಲ್‌ನಿಂದ. ಅವನು 1687ರಿಂದ 1692ರವರೆಗೆ ಮದ್ರಾಸಿನ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದವನು. ಸ್ವಂತಕ್ಕೆ ವ್ಯಾಪಾರ ಮಾಡಿ ಗಂಟು ಕಟ್ಟಿದನೆಂಬ ಆರೋಪದ ಮೇಲೆ ಕೆಲಸ ಹೋಯಿತು. ಮುಂದೆ ಒಂಬತ್ತು ಮೂಟೆ ಸರಕು, 417 ಪುಸ್ತಕ, ರಾಜನ ಒಂದು ಪಟ ಇಷ್ಟನ್ನು ಅಮೆರಿಕದ ಕಾಲೇಜೊಂದಕ್ಕೆ ಕೊಟ್ಟ. ಅವರು 1718ರಲ್ಲಿ ಕಾಲೇಜಿಗೇ ಅವನ ಹೆಸರಿಟ್ಟರು. ಅಂದರೆ ಆ ಗೋರಿಯ ಬುಡದಲ್ಲಿ ನಮ್ಮ ದಕ್ಷಿಣದಲ್ಲಿ ಕಟ್ಟಿದ ಗಂಟು ಇದೆ. ಇದನ್ನು ಚಿನ್ನುವಿಗೆ ಹೇಳಿದಾಗ ಒಂದು ಕ್ಷಣ ಅವಳು ನನ್ನನ್ನು ಗೌರವದಿಂದ ನೋಡಿದಳು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ವರ್ಜಿನಿಯಾ ವಿಶ್ವವಿದ್ಯಾಲಯದ 'ಸೆವೆನ್ ಸೊಸೈಟಿ'. ಅದರ ಸದಸ್ಯರು ಯಾರು ಅಂತ ಬದುಕಿರುವವರೆಗೆ ಹೊರಗೆ ಬರುವುದಿಲ್ಲ. ಸತ್ತ ಮೇಲೆ ಸಮಾಧಿಗೆ ಏಳರ ಅಂಕಿಯ ಆಕಾರದಲ್ಲಿ ಕಟ್ಟಿದ ಕಪ್ಪು ಮ್ಯಾಗ್ನೋಲಿಯಾ ಹೂವಿನ ಹಾರ ಬರುತ್ತದೆ, ಆಗ ಹೆಂಡತಿ ಮಕ್ಕಳಿಗೂ ಗೊತ್ತಾಗುವುದು. ಅವರಿಗೆ ಪತ್ರ ಬರೆಯಬೇಕಾದರೆ ಅಲ್ಲಿಯ ಜೆಫರ್ಸನ್ ಪ್ರತಿಮೆಯ ಹತ್ತಿರ ಇಟ್ಟು ಬರಬೇಕು. ನಮ್ಮಲ್ಲಿ ತೀರಿಕೊಂಡ ಮೇಲೆ ಹೊರಗೆ ಬರುವುದು ಕೈಸಾಲದ ಪತ್ರಗಳು, ಹಾರವಲ್ಲ.

ಒಂದು ಪುಸ್ತಕದ ಬಗ್ಗೆ ಮಾತ್ರ ಹಾಸ್ಯ ಮಾಡುವ ಮನಸ್ಸಿಲ್ಲ. 'ಏಸ್ ಆಫ್ ಸ್ಪೇಡ್ಸ್', 2021ರದು. ಬರೆದವಳು ಫರೀದಾ ಆಬಿಕೆ-ಇಯಿಮಿಡೆ, ಲಂಡನ್ನಿನ ಹುಡುಗಿ, ಕಾಲೇಜು ಓದುತ್ತಿರುವಾಗಲೇ ಬರೆದದ್ದು. ಶಾಲೆಯ ಹೆಸರು ನೀವಿಯಸ್. ಲ್ಯಾಟಿನ್ನಿನಲ್ಲಿ ಹಾಗಂದರೆ ಹಿಮದ ಹಾಗೆ ಬೆಳ್ಳಗಿರುವುದು. ಅಂಥ ಶಾಲೆಯಲ್ಲಿ ಕಪ್ಪು ಬಣ್ಣದ ಇಬ್ಬರು ಮಕ್ಕಳು. ಇದ್ದಕ್ಕಿದ್ದಂತೆ ಯಾರೋ ಮುಖವಿಲ್ಲದವರು ಅವರಿಬ್ಬರ ಗುಟ್ಟುಗಳನ್ನೇ ಹುಡುಕಿ ಇಡೀ ಶಾಲೆಗೆ ಮೆಸೇಜು ಕಳಿಸತೊಡಗುತ್ತಾರೆ. ಕೊನೆ ಹೇಳಿದರೆ ಚಿನ್ನು ನನ್ನ ಜೊತೆ ಮಾತು ಬಿಡುತ್ತಾಳೆ. ಬಾಗಿಲ ಹೊರಗೆ ನಿಂತವರ ಕಡೆಯಿಂದ ಬರೆದರೆ ಈ ಕಥೆ ಎಷ್ಟು ಬೇರೆಯಾಗುತ್ತದೆ ಅಂತ ಗೊತ್ತಾಗಲು ಇದನ್ನೊಂದು ಓದಬೇಕು. ನಿಲುವಂಗಿ, ಮೇಣದ ಬತ್ತಿ ಎಲ್ಲ ಆಮೇಲೆ ಅಷ್ಟು ಚಂದ ಕಾಣುವುದಿಲ್ಲ.

ಇಷ್ಟೆಲ್ಲ ಆಡಿಕೊಳ್ಳುತ್ತೇನಲ್ಲ, ನಾನೇನು ಕಡಿಮೆಯವಳೇ? ಕಾರ್ಮಿಯರ್‌ನ ಪುಸ್ತಕ ಬಂದ 1974ರಲ್ಲೇ ಅರಸೀಕೆರೆಯಲ್ಲಿ ನಾನೂ ಒಂದು ಗುಪ್ತ ಸಂಘದಲ್ಲಿದ್ದೆ. ಎಂಟನೇ ಕ್ಲಾಸು. ಅಪ್ಪ ರೈಲ್ವೆ. ಸಮಾಜ ಪುಸ್ತಕದ ಒಳಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದ ನಾಲ್ವರು ಸೇರಿ ಕಟ್ಟಿದ್ದು. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಮತ್ತು ಸದಸ್ಯರು. ಸದಸ್ಯರು ಅಂದರೆ ನಾನೊಬ್ಬಳೇ. 'ಗುಪ್ತ ಗುಂಪು' ಅಂತ ಹೆಸರು. ವಾರಕ್ಕೆ ನಾಲ್ಕಾಣೆ ಚಂದಾ. ಶಾಲೆಯ ಹಿಂದಿನ ಹುಣಸೆ ಮರದ ಕೆಳಗೆ ಸಭೆ. ಬಂದವರನ್ನು "ಮುದ್ದೆ ಯಾಕೆ ಗುಂಡಗಿದೆ?" ಅಂತ ಕೇಳಬೇಕು, "ನುಂಗೋಕೆ" ಅನ್ನಬೇಕು. ಅದು ಗುಪ್ತಪದ. ಊರಿನಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ ಬರುತ್ತದೆ ಎಂಬ ಯೋಚನೆ ನಮಗೆ ಹೊಳೆಯಲಿಲ್ಲ.

ಎರಡು ವಾರವಾಯಿತು, ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಸಂಘ ಇದೆ ಎಂದೇ ಯಾರಿಗೂ ಗೊತ್ತಿಲ್ಲ! ಅಷ್ಟು ಗುಟ್ಟು ನಮಗೆ ತಡೆಯಲಾಗಲಿಲ್ಲ. ಮೂರನೇ ವಾರ ಕ್ಲಾಸ್ ಲೀಡರ್ ಮುಂದೆ ಹಾದುಹೋಗುವಾಗಲೆಲ್ಲ ಕಿವಿಯಲ್ಲಿ ಪಿಸಪಿಸ ಅಂದೆವು, ಇಲ್ಲದ ನಗು ನಕ್ಕೆವು. ಕೊನೆಗೊಂದು ಮಧ್ಯಾಹ್ನ, ಬುತ್ತಿ ಬಿಚ್ಚುವ ಹೊತ್ತಿಗೆ, ಅವಳು ಬಂದು "ಏನ್ರೇ ಅದು?" ಅಂದಳು. "ಹೇಳೋ ಹಾಗಿಲ್ಲ" ಅಂದೆವು ನಾಲ್ವರೂ ಒಟ್ಟಿಗೆ. ಬುಷ್, ಕೆರಿಯವರ ಮುಖ ಟೀವಿಯಲ್ಲಿ ಯಾಕೆ ಹಾಗೆ ಬೆಳಗುತ್ತಿತ್ತು ಎಂದು ನನಗೆ ಗೊತ್ತು.

ನಾಲ್ಕನೇ ವಾರ ಅಧ್ಯಕ್ಷೆಗೆ ರಕ್ತದಲ್ಲಿ ಪ್ರಮಾಣ ಮಾಡಬೇಕೆನ್ನಿಸಿತು. ನನ್ನ ಲಂಗದ ಪಿನ್ನನ್ನೇ ತೆಗೆದರು. ಮೂರು ಹೆಬ್ಬೆರಳು ಸುಸೂತ್ರವಾಗಿ ಮುಗಿದವು. ನಾಲ್ಕನೆಯದು ಖಜಾಂಚಿಯದು, ಅವಳು ಪಿನ್ನು ನೋಡಿಯೇ ದೊಪ್ಪನೆ ಬಿದ್ದಳು. ಟೀಚರ್ ಓಡಿಬಂದರು. ತುಕ್ಕು ಹಿಡಿದ ಪಿನ್ನು ಅಂತ ನಾಲ್ವರನ್ನೂ ಸಾಲಾಗಿ ಆಸ್ಪತ್ರೆಗೆ ನಡೆಸಿಕೊಂಡು ಹೋಗಿ ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿದರು. ಕಾಂಪೌಂಡರ್ ಬಾಯಿಂದ ಸಂಜೆಯೊಳಗೆ ರೈಲ್ವೆ ಕ್ವಾರ್ಟರ್ಸಿನ ಮನೆಮನೆಗೂ ಸುದ್ದಿ. "ಸಂಘ ಕಟ್ಟೋಕೆ ರಕ್ತ ಯಾಕೇ, ಅರಿಶಿನ ಕುಂಕುಮ ಸಾಲದಾ?" ಅಂದರು ಅಮ್ಮ, ತೋಳಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಾ. ಸಂಘದ ಪುಸ್ತಕ ಟೀಚರ್ ಕೈಗೆ ಸಿಕ್ಕಿತ್ತು. ಅದರ ಮೇಲೆ ನಾವು ಬರೆದಿದ್ದ 'ಗು. ಗು.' ಎಂಬ ಮೊದಲಕ್ಷರಗಳನ್ನು ಯಾರೋ ಕೂಡಿಸಿ ಓದಿದರು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ನಾವು ಆ ಶಾಲೆಯಲ್ಲಿ ಗುಗ್ಗುಗಳೇ.

ಚಿನ್ನು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬೇರೆಯವರು ಯಾರು ಹೇಳು" ಅಂತ ಪೀಡಿಸಿದಳು. ಹೇಳಲಿಲ್ಲ, ಪ್ರಮಾಣ ಪ್ರಮಾಣವೇ. ಆದರೆ ಖಜಾಂಚಿಯ ತಂದೆಗೆ ಮುಂದಿನ ವರ್ಷವೇ ಹುಬ್ಬಳ್ಳಿಗೆ ವರ್ಗವಾಯಿತು, ಜಾಮಿಟ್ರಿ ಬಾಕ್ಸಿನಲ್ಲಿಟ್ಟಿದ್ದ ಸಂಘದ ನಿಧಿಯೂ ಅವಳ ಜೊತೆ ಹೋಯಿತು. ಈಗ ಅವಳು ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದಾಳೆಂದು ಸುದ್ದಿ. ಆದ್ದರಿಂದ ಖಜಾಂಚಿಯವರೇ, ಇದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ನಿಧಿಯನ್ನು ಕಳಿಸಿಕೊಡಿ. ಒಟ್ಟು 3 ರೂಪಾಯಿ 75 ಪೈಸೆ. ನಾಲ್ಕು ವಾರಕ್ಕೆ ನಾಲ್ಕು ರೂಪಾಯಿ ಆಗಬೇಕಿತ್ತಲ್ಲ ಎಂದು ಅಧ್ಯಕ್ಷೆ ಅವತ್ತು ನಿಮ್ಮ ಮೇಲೆ ರೇಗಿದ್ದು ನೆನಪಿದೆಯೆ? ಮೂರನೇ ವಾರದ ನಾಲ್ಕಾಣೆ ಕೊಡದವಳು ನಾನು. ಸ್ಟೇಷನ್ನಿನ ಎದುರು ಐಸ್‌ಕ್ಯಾಂಡಿ ತಿಂದಿದ್ದೆ. ನೀವು ಕಳಿಸಿದರೆ ಆ ಬಾಕಿಯನ್ನೂ ಸೇರಿಸಿ ಕಟ್ಟುತ್ತೇನೆ. ಫೋನು ಮಾಡುವುದಾದರೆ ಮೊದಲು ಮುದ್ದೆಯ ಪ್ರಶ್ನೆ ಕೇಳುತ್ತೇನೆ, ಉತ್ತರ ಮರೆತಿಲ್ಲ ತಾನೇ?